ಬಿಲ್ ಇಲ್ಲದೆ ಸಿಕ್ಕ 1,25,000: ಅಪ್ಪನ 80ಡಿಡಿ

"ಖರ್ಚಿನ ಬಿಲ್ ಇಲ್ಲದೆ ಒಂದೂಕಾಲು ಲಕ್ಷ ಯಾರು ಬಿಡ್ತಾರೆ ರೀ?" ನಮ್ಮ ಅಕೌಂಟ್ಸ್‌ನವರು ಕಡ್ಡಿ ಮುರಿದಂತೆ ಹೇಳಿದ್ದರು. ಅವರು ಹೇಳಿದ್ದು ಆದಾಯ ತೆರಿಗೆಯ 80ಡಿಡಿ ಬಗ್ಗೆ: ಅಂಗವಿಕಲ ಅವಲಂಬಿತರನ್ನು ಸಾಕುವವರು ತೆರಿಗೆ ಲೆಕ್ಕದಲ್ಲಿ ತಮ್ಮ ಆದಾಯದಿಂದ ಕಳೆಯಬಹುದಾದ ಮೊತ್ತ. ಬಿಟ್ಟರು! 2023-24ರ ಸಾಲಿಗೆ ಸಂಬಳದಲ್ಲಿ ಮೊದಲೇ ಕಟ್ ಆಗಿದ್ದ ತೆರಿಗೆ (ಟಿಡಿಎಸ್) ಪೂರ್ತಿ, ಹತ್ತಿರ ಹತ್ತಿರ 39 ಸಾವಿರ, ನನ್ನ ಖಾತೆಗೆ ವಾಪಸ್ ಬಂತು.

ಅಪ್ಪ ಮೂಡಿಗೆರೆ ಕಡೆ ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟು, ಸೊಂಟದಿಂದ ಕೆಳಗೆ ಬಲವಿಲ್ಲ. ಈಗ ಚಿಕ್ಕಮಗಳೂರಲ್ಲಿ ನನ್ನ ಮನೆಯಲ್ಲಿದ್ದಾರೆ. ಫಿಸಿಯೋ, ಡಯಾಪರ್, ನೋಡಿಕೊಳ್ಳಲು ಬರುವವರ ಸಂಬಳ ಸೇರಿ ತಿಂಗಳಿಗೆ 14-15 ಸಾವಿರ ಬೇಕು.

ಜಾಸ್ತಿ ಸುಸ್ತು ಮಾಡಿದ್ದು ಸರ್ಟಿಫಿಕೇಟ್. ಹಳೆಯ ಕಾಗದದಲ್ಲಿ 75% ಇತ್ತು, ಅವಧಿಯೂ ಮುಗಿದಿತ್ತು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ (ಅಂಗವಿಕಲರ ಗುರುತಿನ ಕಾರ್ಡ್) ಹಾಕಿದ ಅರ್ಜಿ ತಿರಸ್ಕಾರ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಸ್ಪತ್ರೆ ಕಾಗದದಲ್ಲಿ ಮುಂದೆ! ಅದನ್ನು ಸರಿ ಮಾಡಿಸಿ ಹೋದರೆ ಆ ದಿನ ಮೂಳೆ ಡಾಕ್ಟರ್ ರಜೆ. ಅಪ್ಪನನ್ನು ಕಾರಿಗೆ ಹತ್ತಿಸಿ ಇಳಿಸುವುದೇ ಅರ್ಧ ದಿನದ ಕೆಲಸ. ಬಾಡಿಗೆ, ಎತ್ತಲು ಬಂದವರ ಕೂಲಿ ಅಂತ ಏಳೆಂಟು ಸಾವಿರ ಕರಗಿತು. ಕೊನೆಗೆ ಅಂಗವಿಕಲತೆ 85% ಎಂದು ನೀಲಿ ಯುಡಿಐಡಿ ಕಾರ್ಡ್ ಬಂತು, 1,25,000ಕ್ಕೆ ದಾರಿಯಾಯಿತು. 40ರಿಂದ 80ರ ಒಳಗಿದ್ದರೆ ಸಿಗುವುದು 75,000 ಮಾತ್ರ ಅಲ್ವಾ?

ಆಫೀಸಿನಲ್ಲಿ ಹೊಸ ತೆರಿಗೆ ಪದ್ಧತಿ ಹಿಡಿದು ಟಿಡಿಎಸ್ ಕತ್ತರಿಸಿದ್ದರು. ಅದರಲ್ಲಿ 80ಡಿಡಿ ಸಿಗುವುದಿಲ್ಲ. ನಾನು ರಿಟರ್ನ್‌ನಲ್ಲೇ ಹಳೆಯದನ್ನು ಆರಿಸಿಕೊಂಡೆ. ಸಂಬಳ ಮಾತ್ರ ಇರುವವರಿಗೆ ಹಾಗೆ ಬದಲಿಸಲು 10-ಐಇಎ ಫಾರ್ಮ್ ಬೇಡ, ಆದರೆ ರಿಟರ್ನ್ ಹಾಕುವ ಕೊನೆಯ ದಿನಾಂಕ ದಾಟಬಾರದು. ಶೆಡ್ಯೂಲ್ 80ಡಿಡಿಯಲ್ಲಿ ಅಪ್ಪನ ಪ್ಯಾನ್, ಆಧಾರ್, ಯುಡಿಐಡಿ ತುಂಬಿದೆ. 10-ಐಎ ಎಂಬ ವೈದ್ಯರ ಸರ್ಟಿಫಿಕೇಟ್ ಫಾರ್ಮ್ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಕಲತೆಯವರಿಗೆ. ನಮಗೆ ಬೇಕಾಗಲಿಲ್ಲ.

"ಅಂಗವಿಕಲ ವೇತನ ಬರುತ್ತಲ್ಲ, ಅವಲಂಬಿತ ಹೇಗಾಗ್ತಾರೆ?" ಎಂದೂ ಅಕೌಂಟ್ಸ್‌ನವರು ಕೇಳಿದರು. ಪೂರ್ತಿ ಅಥವಾ ಮುಖ್ಯವಾಗಿ ಅವಲಂಬಿಸಿದ್ದರೆ ಸಾಕು ಎನ್ನುತ್ತದೆ ಕಾನೂನು. ಆ ಪುಟ್ಟ ವೇತನದಲ್ಲಿ ಯಾರ ಜೀವನ ನಡೆಯುತ್ತದೆ? ಅಪ್ಪ ತಾವೇ 80ಯು (ಅಂಗವಿಕಲರು ತಮ್ಮ ಆದಾಯದಲ್ಲೇ ಪಡೆಯುವ ಕಡಿತ) ಹಾಕಿಕೊಂಡಿರಬಾರದು, ಅಷ್ಟೇ.

ಕೆಲವು ಗಂಭೀರ ರೋಗಗಳ ಚಿಕಿತ್ಸಾ ಖರ್ಚಿಗೆ ಸಿಗುವ 80ಡಿಡಿಬಿಗೂ ಕೈ ಹಾಕಿ ನೋಡಿದೆ. ಆ ರೋಗಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್, ಡಿಮೆನ್ಷಿಯಾ ಇವೆ, ಬೆನ್ನುಹುರಿ ಪೆಟ್ಟು ಇಲ್ಲ. ಆದರೆ ಆರೋಗ್ಯ ವಿಮೆ, ಚಿಕಿತ್ಸೆ ಖರ್ಚಿನ 80ಡಿ ಕೈ ಹಿಡಿಯಿತು. ಅಪ್ಪನಿಗೆ 60 ದಾಟಿದೆ, ಆರೋಗ್ಯ ವಿಮೆ ಇಲ್ಲ. ಹಾಗಿದ್ದರೆ ಔಷಧೋಪಚಾರದ ಖರ್ಚು 50,000ದವರೆಗೆ ತೋರಿಸಬಹುದು, ನಗದು ಕೊಟ್ಟಿರಬಾರದು. ಮೊದಲಿಂದಲೂ ಫಿಸಿಯೋ, ಮೆಡಿಕಲ್ ಶಾಪ್ ಎಲ್ಲಕ್ಕೂ ಫೋನ್‌ಪೇ ಮಾಡುತ್ತಿದ್ದೆ. ಸುಮಾರು 38 ಸಾವಿರ ಸಿಕ್ಕಿತು. 80ಸಿ (ಪಿಎಫ್‌ನಂಥ ಉಳಿತಾಯ), ಗೃಹಸಾಲದ ಬಡ್ಡಿ ಸೇರಿ ಎಲ್ಲ ಕಳೆದ ಮೇಲೆ ನನ್ನ 8.8 ಲಕ್ಷದ ಸಂಬಳದಲ್ಲಿ ತೆರಿಗೆಗೆ ಸಿಗುವ ಆದಾಯ 5 ಲಕ್ಷದ ಕೆಳಗಿಳಿಯಿತು. 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆ.

2024-25ಕ್ಕೂ ಹೀಗೇ ಹಾಕಿ 31 ಸಾವಿರದಷ್ಟು ಉಳಿಸಿದೆ. 2025-26ರಿಂದ ಹೊಸ ಪದ್ಧತಿಯಲ್ಲೇ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ, ನನಗಿನ್ನು ಇದು ಬೇಕಿಲ್ಲ. ಅದನ್ನು ದಾಟಿದವರು ಎರಡೂ ಲೆಕ್ಕ ಹಾಕಿ. ಗೃಹಸಾಲದ ಬಡ್ಡಿ ದೊಡ್ಡದಿದ್ದರೆ ಹಳೆಯ ಪದ್ಧತಿಯೇ ಗೆಲ್ಲಬಹುದು.