ಗೇಮಿಂಗ್ ನೆಟ್‌ವರ್ಕ್‌ನಿಂದ ಲೈಂಗಿಕ ಅಪರಾಧಿಗಳನ್ನು ಹೊರಹಾಕುವುದು ಹೇಗೆ?

ಹೆಡ್‌ಸೆಟ್ ಹಾಕಿಕೊಂಡು ಆಡುತ್ತಿರುವ ಹುಡುಗನ ಹಿಂದೆ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ನಿಮಗೆ ಕೇಳಿಸುವುದು ಅವನ ಮಾತು ಮಾತ್ರ. "ನೀನು ಆ ಕಡೆ ಹೋಗು, ನಾನು ಇಲ್ಲಿ ನೋಡ್ಕೋತೀನಿ." ಯಾರ ಹತ್ತಿರ ಮಾತಾಡ್ತಿದ್ದೀಯ ಅಂತ ಕೇಳಿದರೆ "ಫ್ರೆಂಡ್" ಅನ್ನುತ್ತಾನೆ. ಫ್ರೆಂಡ್ ಹೆಸರೇನು? ಹೆಸರು ಗೊತ್ತಿಲ್ಲ. ಒಂದು ಅಡ್ಡಹೆಸರು, ಅದರ ಬೆನ್ನಿಗೆ ನಾಲ್ಕು ಅಂಕಿ. ವಯಸ್ಸು? "ನನ್ನಷ್ಟೇ ಅನ್ಸತ್ತೆ."

ಆ ನಾಲ್ಕು ಅಂಕಿಯ ಹಿಂದೆ ಇರುವವನು ಲೈಂಗಿಕ ಅಪರಾಧಕ್ಕೆ ಶಿಕ್ಷೆ ಅನುಭವಿಸಿ ಬಂದವನಾಗಿದ್ದರೆ? ಈ ಪ್ರಶ್ನೆಯನ್ನು ಅಮೆರಿಕದ ನ್ಯೂಯಾರ್ಕ್ ರಾಜ್ಯ 2012ರಲ್ಲಿ ನೇರವಾಗಿ ಗೇಮ್ ಕಂಪನಿಗಳ ಮುಂದೆ ಇಟ್ಟಿತು. ಆ ವರ್ಷದ ಏಪ್ರಿಲ್‌ನಲ್ಲಿ 3,500ಕ್ಕೂ ಹೆಚ್ಚು ಅಕೌಂಟ್‌ಗಳ ಮೇಲೆ ಕ್ರಮ ಆಯಿತು. ಕಾರ್ಯಾಚರಣೆಗೆ ಇಟ್ಟ ಹೆಸರು 'ಆಪರೇಷನ್ ಗೇಮ್ ಓವರ್'. ಸುದ್ದಿಗೆ ಒಳ್ಳೆಯ ಹೆಸರೇ. ಆದರೆ ಒಬ್ಬ ಅಪರಾಧಿಯನ್ನು ಆಟದಿಂದ ಹೊರಹಾಕುವುದು ನಿಜಕ್ಕೂ ಹೇಗೆ? ಒಂದೊಂದೇ ಹೆಜ್ಜೆ ನೋಡೋಣ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಹೆಜ್ಜೆ 1: ಮೊದಲು ಒಂದು ಪಟ್ಟಿ ಬೇಕು

ಹೊರಹಾಕಬೇಕಾದವರು ಯಾರು ಅಂತ ಗೊತ್ತಿಲ್ಲದೆ ಯಾರನ್ನೂ ಹೊರಹಾಕಲಾಗದು. ಅಮೆರಿಕದಲ್ಲಿ ಈ ಪಟ್ಟಿ ಆಗಲೇ ಇತ್ತು. ಶಿಕ್ಷೆಯಾದ ಲೈಂಗಿಕ ಅಪರಾಧಿಗಳ ರಿಜಿಸ್ಟರ್ ಇಡಬೇಕು ಅಂತ 1994ರ ಕೇಂದ್ರ ಕಾನೂನು ರಾಜ್ಯಗಳಿಗೆ ಹೇಳಿತು. ನ್ಯೂಯಾರ್ಕ್‌ನ ಸ್ವಂತ ರಿಜಿಸ್ಟರ್ ಶುರುವಾದದ್ದು 1996ರಲ್ಲಿ. ಅಲ್ಲಿ ಅಪರಾಧಿಗಳನ್ನು ಮತ್ತೆ ಅಪರಾಧ ಮಾಡುವ ಸಂಭವ ನೋಡಿ 1, 2, 3 ಎಂದು ಮೂರು ಹಂತಗಳಲ್ಲಿ ಇಡುತ್ತಾರೆ. 3ನೇ ಹಂತದವರು ಅತಿ ಅಪಾಯದವರು.

ಈ ಪಟ್ಟಿಯಲ್ಲಿ ಇದ್ದದ್ದು ಹೆಸರು, ಫೋಟೊ, ಮನೆ ವಿಳಾಸ, ಅಪರಾಧದ ವಿವರ. ಪಕ್ಕದ ಬೀದಿಯಲ್ಲಿ ಯಾರಿದ್ದಾರೆ ಅಂತ ತಿಳಿಯಲು ಇಷ್ಟು ಸಾಕು. ಆದರೆ ಆಟದೊಳಗೆ ಬೀದಿಯೂ ಇಲ್ಲ, ಮನೆ ನಂಬರೂ ಇಲ್ಲ.

ಹೆಜ್ಜೆ 2: ಪಟ್ಟಿಗೆ ಇಮೇಲ್ ಸೇರಿಸಬೇಕು

ಇಡೀ ವ್ಯವಸ್ಥೆ ನಿಂತಿರುವುದು ಈ ಹೆಜ್ಜೆಯ ಮೇಲೆ. 2008ರಲ್ಲಿ ನ್ಯೂಯಾರ್ಕ್ 'ಇ-ಸ್ಟಾಪ್' ಎಂಬ ಕಾನೂನು ತಂದಿತು. ಅದರ ಹಿಂದೆ ನಿಂತಿದ್ದವರು ಆಗಿನ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿ, ಆಂಡ್ರ್ಯೂ ಕ್ಯೂಮೊ. ರಿಜಿಸ್ಟರ್‌ನಲ್ಲಿರುವ ಪ್ರತಿಯೊಬ್ಬರೂ ತಮ್ಮ ಎಲ್ಲ ಇಮೇಲ್ ವಿಳಾಸ, ಚಾಟ್ ಹೆಸರು, ಆನ್‌ಲೈನ್ ಗುರುತುಗಳನ್ನು ಸರ್ಕಾರಕ್ಕೆ ಕೊಡಬೇಕು. ಹೊಸದು ತೆರೆದರೆ ಅಥವಾ ಬದಲಿಸಿದರೆ ಅದನ್ನೂ 10 ದಿನದೊಳಗೆ ತಿಳಿಸಬೇಕು. ಮುಚ್ಚಿಟ್ಟರೆ ಅದೇ ಇನ್ನೊಂದು ಅಪರಾಧ.

ಇಲ್ಲೊಂದು ವಿಷಯ ಗಮನಿಸಿ. ಗುರುತು ಕೊಡಬೇಕಾದವನು ಆ ಅಪರಾಧಿಯೇ. ಬಾಗಿಲಿಗೆ ಹಾಕುವ ಬೀಗದ ಅಳತೆಯನ್ನು ಕಳ್ಳನ ಹತ್ತಿರವೇ ಕೇಳಿದ ಹಾಗೆ, ಅಲ್ವಾ? ಆದರೂ ತಳ್ಳಿಹಾಕುವ ಹಾಗಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಮಗುವಿಗೆ ಏನಾದರೂ ಆಗುವ ಮೊದಲೇ ಪೊಲೀಸರ ಕೈಗೆ ಒಂದು ಕೇಸು ಸಿಕ್ಕಂತಾಯಿತು.

ಹೆಜ್ಜೆ 3: ಪಟ್ಟಿ ಕಂಪನಿಯ ಕೈಗೆ ಹೋಗಬೇಕು

ಕಾನೂನು ಬಂದ ಮೇಲೆ ಮೊದಲು ಈ ಪಟ್ಟಿ ಹಿಡಿದು ಹುಡುಕಿದ್ದು ಸೋಶಿಯಲ್ ನೆಟ್‌ವರ್ಕ್‌ಗಳು. ಗೇಮ್ ಕಂಪನಿಗಳ ಕಡೆ ಯಾರೂ ಅಷ್ಟಾಗಿ ನೋಡಿರಲಿಲ್ಲ. ಆಟ ಅಂದರೆ ಆಟ, ಅದರಲ್ಲೇನು ಹರಟೆ ಅನ್ನುವ ಭಾವನೆ. ಆದರೆ ಅಷ್ಟರಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಯಂತ್ರ, ಅಂದರೆ ಆಟದ ಕನ್ಸೋಲ್, ಫೋನ್‌ನಂತೆಯೇ ಆಗಿಹೋಗಿತ್ತು: ಮಾತು, ಮೆಸೇಜ್, ಫ್ರೆಂಡ್ ರಿಕ್ವೆಸ್ಟ್ ಎಲ್ಲವೂ ಅದರಲ್ಲೇ.

2012ರಲ್ಲಿ ಅಟಾರ್ನಿ ಜನರಲ್ ಆಗಿದ್ದ ಎರಿಕ್ ಶ್ನೈಡರ್‌ಮನ್ ಗೇಮ್ ಕಂಪನಿಗಳನ್ನು ಒಪ್ಪಿಸಿದರು. ಮೈಕ್ರೋಸಾಫ್ಟ್, ಆ್ಯಪಲ್, ಸೋನಿ, ಬ್ಲಿಝಾರ್ಡ್, ಎಲೆಕ್ಟ್ರಾನಿಕ್ ಆರ್ಟ್ಸ್, ಡಿಸ್ನಿ, ವಾರ್ನರ್ ಬ್ರದರ್ಸ್ ಕೈಜೋಡಿಸಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡನೇ ಸುತ್ತು ನಡೆದು ಇನ್ನೂ 2,100ಕ್ಕೂ ಹೆಚ್ಚು ಅಕೌಂಟ್‌ಗಳು ಸಿಕ್ಕವು.

ಹೆಜ್ಜೆ 4: ತಾಳೆ ನೋಡುವುದು

ಕೇಳಲು ಸುಲಭ. ಈ ಕಡೆ ಸರ್ಕಾರದ ಇಮೇಲ್ ಪಟ್ಟಿ, ಆ ಕಡೆ ಕಂಪನಿಯ ಗ್ರಾಹಕರ ಇಮೇಲ್ ಪಟ್ಟಿ. ಎರಡರಲ್ಲೂ ಇರುವುದನ್ನು ಕಂಪ್ಯೂಟರ್ ಹೆಕ್ಕಿ ಕೊಡುತ್ತದೆ. ಕೋಟಿಗಟ್ಟಲೆ ಸಾಲು ಇದ್ದರೂ ಯಂತ್ರಕ್ಕೆ ಇದು ದೊಡ್ಡ ಕೆಲಸವಲ್ಲ.

ಹತ್ತಿರ ಹೋಗಿ ನೋಡಿದರೆ ಮಾತ್ರ ಮುಳ್ಳು ಕಾಣುತ್ತದೆ. ಜಿಮೇಲ್ ವಿಳಾಸದ ನಡುವೆ ಎಲ್ಲಿ ಬೇಕಾದರೂ ಒಂದು ಚುಕ್ಕಿ ಇಡಿ, ಕಾಗದ ಅದೇ ಪೆಟ್ಟಿಗೆಗೆ ಬಂದು ಬೀಳುತ್ತದೆ. ಜಿಮೇಲ್ ಚುಕ್ಕಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರ್‌ಗೆ ಚುಕ್ಕಿ ಇರುವುದು ಒಂದು ವಿಳಾಸ, ಇಲ್ಲದಿರುವುದು ಇನ್ನೊಂದು. ಸರ್ಕಾರಕ್ಕೆ ಚುಕ್ಕಿ ಇಲ್ಲದ್ದು ಕೊಟ್ಟು ಆಟಕ್ಕೆ ಚುಕ್ಕಿ ಇರುವುದು ಕೊಟ್ಟರೆ ಆಸಾಮಿ ಪಾರು, ಕಾನೂನಿನ ಪ್ರಕಾರ ಸುಳ್ಳು ಹೇಳಿದನೋ ಇಲ್ಲವೋ ಅನ್ನುವುದೇ ವಾದವಾಗುತ್ತದೆ. ಹಾಗಾಗಿ ಹೋಲಿಸುವ ಮೊದಲು ಎರಡೂ ಪಟ್ಟಿಯನ್ನು ಒಂದೇ ಹದಕ್ಕೆ ತರಬೇಕು: ಜಿಮೇಲ್ ವಿಳಾಸವಾದರೆ ಚುಕ್ಕಿ ತೆಗೆಯಬೇಕು, ಪ್ಲಸ್ ಗುರುತಿನ ನಂತರದ ಬಾಲ ಕತ್ತರಿಸಬೇಕು, ದೊಡ್ಡಕ್ಷರ ಚಿಕ್ಕಕ್ಷರ ಒಂದು ಮಾಡಬೇಕು.

ಅಡ್ಡಹೆಸರಿನ ಕಥೆ ಇದಕ್ಕೆ ಉಲ್ಟಾ. ಒಂದೇ ಅಡ್ಡಹೆಸರನ್ನು ಒಂದು ಆಟದಲ್ಲಿ ಅಪರಾಧಿ ಇಟ್ಟುಕೊಂಡಿರಬಹುದು, ಇನ್ನೊಂದು ಆಟದಲ್ಲಿ ಯಾರೋ ಹೈಸ್ಕೂಲ್ ಹುಡುಗ. ಬರೀ ಹೆಸರು ನೋಡಿ ಅಕೌಂಟ್ ಮುಚ್ಚಿದರೆ ಪಾಪದ ಹುಡುಗನಿಗೆ ಲೈಂಗಿಕ ಅಪರಾಧಿಯ ಪಟ್ಟ. ಅದಕ್ಕೇ ತಾಳೆಯಾದ ಸಾಲನ್ನು ಮನುಷ್ಯರು ಮತ್ತೊಮ್ಮೆ ನೋಡಬೇಕು, ತಪ್ಪಾದರೆ ಸರಿಪಡಿಸಿಕೊಳ್ಳಲು ಒಂದು ದಾರಿ ಇರಬೇಕು.

ಹೆಜ್ಜೆ 5: ಬಾಗಿಲು ಮುಚ್ಚುವುದು, ಅಥವಾ ಬಾಯಿ ಮುಚ್ಚಿಸುವುದು

ಸಿಕ್ಕ ಅಕೌಂಟ್‌ಗಳನ್ನೆಲ್ಲ ಒಂದೇ ರೀತಿ ಅಳಿಸಿಹಾಕಲಿಲ್ಲ. ಕೆಲವನ್ನು ಪೂರ್ತಿ ತೆಗೆದರು. ಕೆಲವರಿಗೆ ಆಟ ಬಿಟ್ಟು, ಬೇರೆಯವರ ಜೊತೆ ಮಾತಾಡುವ, ಮೆಸೇಜ್ ಕಳಿಸುವ ಸೌಲಭ್ಯ ಮಾತ್ರ ಕಿತ್ತುಕೊಂಡರು. ಈ ಎರಡನೆಯದೇ ಜಾಣತನ ಅನ್ನುವುದು ನನ್ನ ಅಭಿಪ್ರಾಯ. ಒಬ್ಬನೇ ಕೂತು ಕಾರ್ ರೇಸ್ ಆಡಿದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಮೈಕ್‌ನಲ್ಲಿ. ಪೂರ್ತಿ ಹೊರಹಾಕಿದವನು ಹೊಸ ಇಮೇಲ್ ಮಾಡಿಕೊಂಡು ಐದು ನಿಮಿಷದಲ್ಲಿ ವಾಪಸ್ ಬರುತ್ತಾನೆ. ಆಟ ಉಳಿಸಿಕೊಂಡವನಿಗೆ ಕಳೆದುಕೊಳ್ಳಲು ಏನಾದರೂ ಇರುತ್ತದೆ.

ಸರ್ಕಾರವೇ ಯಾಕೆ ನಿಷೇಧಿಸಬಾರದು?

ಇದು ಎಲ್ಲರೂ ಕೇಳುವ ಪ್ರಶ್ನೆ. ನಾರ್ತ್ ಕ್ಯಾರೊಲಿನಾ ರಾಜ್ಯ ಹಾಗೆ ಮಾಡಿ ನೋಡಿತು. ಮಕ್ಕಳು ಸೇರಬಹುದಾದ ಯಾವ ಸೋಶಿಯಲ್ ನೆಟ್‌ವರ್ಕ್‌ಗೂ ರಿಜಿಸ್ಟರ್‌ನಲ್ಲಿರುವವರು ಕಾಲಿಡಬಾರದು, ಇಟ್ಟರೆ ಜೈಲು ಅಂತ 2008ರಲ್ಲಿ ಕಾನೂನು ಮಾಡಿತು. 2010ರಲ್ಲಿ ಆ ರಿಜಿಸ್ಟರ್‌ನಲ್ಲಿದ್ದ ಒಬ್ಬ ವ್ಯಕ್ತಿ ತನ್ನ ಟ್ರಾಫಿಕ್ ದಂಡ ರದ್ದಾಯಿತು ಅಂತ ಖುಷಿಯಲ್ಲಿ ಫೇಸ್‌ಬುಕ್‌ನಲ್ಲಿ ಬರೆದುಕೊಂಡ. ಪೊಲೀಸರ ಕಣ್ಣಿಗೆ ಬಿತ್ತು, ಕೇಸಾಯಿತು. ಅದು ಹತ್ತುತ್ತ ಹತ್ತುತ್ತ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. 2017ರ ಜೂನ್‌ನಲ್ಲಿ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಭಾಗವಹಿಸಿದ್ದ ಎಂಟೂ ನ್ಯಾಯಮೂರ್ತಿಗಳದ್ದು ಒಂದೇ ತೀರ್ಮಾನ.

ಮಕ್ಕಳನ್ನು ಕಾಪಾಡುವುದು ತಪ್ಪು ಅಂತ ಕೋರ್ಟ್ ಹೇಳಲಿಲ್ಲ. ಬಲೆ ತೀರಾ ಅಗಲವಾಯಿತು ಅಂದಿತು. ಸುದ್ದಿ ಓದಲು, ಕೆಲಸ ಹುಡುಕಲು, ತನ್ನ ಅಭಿಪ್ರಾಯ ಹೇಳಲು ಕೂಡ ಬಿಡದಷ್ಟು ಅಗಲ. ಮಗುವನ್ನು ಸಂಪರ್ಕಿಸುವಂಥ ನಿರ್ದಿಷ್ಟ ನಡತೆಯನ್ನು ತಡೆಯುವ ಕಾನೂನು ಬೇರೆ ಮಾತು ಅಂತಲೂ ಹೇಳಿತು.

ಈಗ ನ್ಯೂಯಾರ್ಕ್ ದಾರಿಯ ಗುಟ್ಟು ಅರ್ಥವಾಗುತ್ತದೆ. ಅಲ್ಲಿ ಗೇಮ್ ಅಕೌಂಟ್ ಮುಚ್ಚಿದ್ದು ಸರ್ಕಾರ ಅಲ್ಲ, ಕಂಪನಿ. ವಾಕ್ ಸ್ವಾತಂತ್ರ್ಯದ ವಿಧಿ ಕಟ್ಟಿಹಾಕುವುದು ಸರ್ಕಾರವನ್ನು. ತನ್ನ ನಿಯಮದಲ್ಲಿ ಬರೆದುಕೊಂಡಿದ್ದರೆ ಖಾಸಗಿ ಕಂಪನಿ ಯಾರನ್ನು ಬೇಕಾದರೂ ಹೊರಗೆ ಕಳಿಸಬಹುದು. ನಾವೆಲ್ಲ ಓದದೆ 'ಒಪ್ಪಿದ್ದೇನೆ' ಅಂತ ಒತ್ತುವ ಆ ಉದ್ದದ ಪುಟ ಇದೆಯಲ್ಲ, ಅದಕ್ಕೂ ಒಂದು ಕೆಲಸ ಇದೆ ಅಂತಾಯಿತು.

ಪಟ್ಟಿಗೆ ಸಿಗದವರು

ಪಟ್ಟಿಯಲ್ಲಿ ಇರುವುದು ಶಿಕ್ಷೆಯಾದವರು ಮಾತ್ರ. ಇನ್ನೂ ಸಿಕ್ಕಿಬೀಳದವನ ಹೆಸರು ಅಲ್ಲಿಲ್ಲ. ಒಂದು ರಾಜ್ಯದ ಪಟ್ಟಿಯಲ್ಲಿ ಬೇರೆ ದೇಶದಲ್ಲಿ ಕೂತು ಆಡುವವನೂ ಇಲ್ಲ. ಹೀಗಾಗಿ 'ಅಪರಾಧಿಗಳನ್ನೆಲ್ಲ ತೆಗೆದಿದ್ದಾರಂತೆ' ಅನ್ನುವ ಸುದ್ದಿ ಓದಿ ನಿರಾಳವಾಗುವ ಅಪ್ಪ ಅಮ್ಮನ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ಉಳಿದ ಹೆಜ್ಜೆಗಳು ಮನೆಯಲ್ಲೇ ಇಡಬೇಕಾದವು.

ಹೆಜ್ಜೆ 6: ಹುಟ್ಟಿದ ದಿನ ಸರಿಮಾಡಿ

ಅಕ್ಕನ ಮನೆಯಲ್ಲಿ ಅವಳ ಹನ್ನೊಂದು ವರ್ಷದ ಮಗನ ಕನ್ಸೋಲ್ ಸೆಟ್ಟಿಂಗ್ ನೋಡೋಣ ಅಂತ ಕೂತೆ. ಮಕ್ಕಳ ರಕ್ಷಣೆಯ ಒಂದು ಆಯ್ಕೆಯೂ ಕಾಣಲಿಲ್ಲ. ಅರ್ಧ ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು, ಅಕೌಂಟ್‌ನಲ್ಲಿ ಹುಟ್ಟಿದ ವರ್ಷ 1980. ತೆರೆಯುವಾಗ ಭಾವ ತಮ್ಮದನ್ನೇ ಹಾಕಿದ್ದರು. ಕನ್ಸೋಲ್ ಲೆಕ್ಕದಲ್ಲಿ ಆ ಹುಡುಗ ನಡುವಯಸ್ಸಿನ ಗಂಡಸು. ಅವನಿಗೆ ಯಾಕೆ ಮಕ್ಕಳ ಬೀಗ?

ಇದು ಭಾವನೊಬ್ಬರ ತಪ್ಪಲ್ಲ. ಅಮೆರಿಕದಲ್ಲಿ 13 ವರ್ಷದೊಳಗಿನ ಮಕ್ಕಳ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು ಅನ್ನುವ ಕಾನೂನು 1998ರಿಂದ ಇದೆ. ಆ ಒಪ್ಪಿಗೆಯ ತಾಪತ್ರಯ ಬೇಡ ಅಂತ ಎಷ್ಟೋ ಮನೆಗಳಲ್ಲಿ ವಯಸ್ಸು ಜಾಸ್ತಿ ಹಾಕಿಬಿಡುತ್ತಾರೆ. ಸುಳ್ಳು ವಯಸ್ಸಿನ ಅಕೌಂಟ್‌ಗೆ ಮುಂದಿನ ಯಾವ ಹೆಜ್ಜೆಯೂ ಹತ್ತುವುದಿಲ್ಲ. ಬೇಕಾದರೆ ಹೊಸ ಅಕೌಂಟ್ ತೆರೆಯಿರಿ. ಗೆದ್ದ ಅಂಕ ಹೋಗುತ್ತದೆ ಅಂತ ಮಗು ಅಳಬಹುದು, ಅಳಲಿ.

ಹೆಜ್ಜೆ 7: ಮಾತಿನ ಬೀಗ

ಎಕ್ಸ್‌ಬಾಕ್ಸ್‌ಗೆ ಫ್ಯಾಮಿಲಿ ಸೆಟ್ಟಿಂಗ್ಸ್ ಆ್ಯಪ್ ಇದೆ. ಪ್ಲೇಸ್ಟೇಷನ್‌ನಲ್ಲಿ ಫ್ಯಾಮಿಲಿ ಮ್ಯಾನೇಜ್‌ಮೆಂಟ್ ಅನ್ನುವ ವಿಭಾಗ. ನಿಂಟೆಂಡೊ ಸ್ವಿಚ್‌ಗೆ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್. ಎಲ್ಲದರಲ್ಲೂ ಮೊದಲು ನೋಡಬೇಕಾದದ್ದು ಒಂದೇ: ಮಗುವಿನ ಜೊತೆ ಯಾರು ಮಾತಾಡಬಹುದು? ಎಷ್ಟು ಹೊತ್ತು ಆಡಬಹುದು ಅನ್ನುವುದನ್ನು ನಾವು ಮೊದಲು ಹುಡುಕುತ್ತೇವೆ. ಅದು ಆಮೇಲೆ. ರೋಬ್ಲಾಕ್ಸ್ ಆಡುವ ಮಕ್ಕಳಿದ್ದರೆ ಗಮನಿಸಿ, 13ರೊಳಗಿನವರು ಆಟದ ಹೊರಗೆ ನೇರ ಮೆಸೇಜ್ ಕಳಿಸುವುದನ್ನು ಆ ಕಂಪನಿ 2024ರ ನವೆಂಬರ್‌ನಲ್ಲಿ ನಿಲ್ಲಿಸಿತು. ಆಗ ಇಲ್ಲೂ ವಯಸ್ಸು ಸರಿ ಹಾಕಿದವರಿಗೆ ಮಾತ್ರ ಲಾಭವಿತ್ತು.

ಆಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ರೆಂಡ್ ಲಿಸ್ಟ್ ತೆರೆಯಿರಿ. ಪ್ರತಿ ಹೆಸರಿಗೂ ಒಂದೇ ಪ್ರಶ್ನೆ: "ಇವನ ಮುಖ ನೋಡಿದ್ದೀಯಾ?" ಶಾಲೆಯವನಾ, ಸಂಬಂಧಿಯಾ, ಇರಲಿ. ಇಲ್ಲದಿದ್ದರೆ ತೆಗೆಯಿರಿ.

ಹೆಜ್ಜೆ 8: ಗಾಳ ಹಾಕುವ ರೀತಿ ಹೇಳಿಕೊಡಿ

ಕೆಟ್ಟವನು ಕೆಟ್ಟ ಮಾತಿನಿಂದ ಶುರುಮಾಡುವುದಿಲ್ಲ. ಮೊದಲು ಆಟದಲ್ಲಿ ಸಹಾಯ. ಆಮೇಲೆ ಉಡುಗೊರೆ: ಒಂದು ಸ್ಕಿನ್ (ಆಟದ ಪಾತ್ರಕ್ಕೆ ತೊಡಿಸುವ ಹೊಸ ವೇಷ), ಒಂದಿಷ್ಟು ಆಟದ ದುಡ್ಡು. "ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ, ಬೇರೆ ಆ್ಯಪ್‌ಗೆ ಬಾ" ಅನ್ನುವುದು ನಂತರದ ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸುಳಿವು ಇದೇ, ಯಾಕೆಂದರೆ ಬೇರೆ ಆ್ಯಪ್‌ಗೆ ಹೋದ ಕೂಡಲೇ ನೀವು ಹಾಕಿದ ಬೀಗವೆಲ್ಲ ಹಿಂದೆ ಉಳಿಯುತ್ತದೆ. ಆಮೇಲೆ "ಮನೇಲಿ ಹೇಳ್ಬೇಡ". ಕೊನೆಗೆ ಫೋಟೊ. ಈ ಸರಣಿಯನ್ನು ಮಗುವಿಗೆ ಕಥೆಯ ಹಾಗೆ ಹೇಳಿ. ಆಟದ ತಂತ್ರ ಅರ್ಥಮಾಡಿಕೊಳ್ಳುವ ಮಕ್ಕಳಿಗೆ ಇದೂ ಅರ್ಥವಾಗುತ್ತದೆ.

ಹೆಜ್ಜೆ 9: ಏನಾದರೂ ನಡೆದಿದ್ದರೆ

ಅಳಿಸಬೇಡಿ, ತಕ್ಷಣ ಬ್ಲಾಕ್ ಕೂಡ ಮಾಡಬೇಡಿ. ಮೊದಲು ಅಕೌಂಟ್ ಹೆಸರು, ದಿನಾಂಕ, ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಂತರ ಆಟದೊಳಗೇ ರಿಪೋರ್ಟ್, ಆಮೇಲೆ ಬ್ಲಾಕ್. ಮಗುವಿನ ಹೆಸರಲ್ಲಿ ನೀವೇ ಚಾಟ್ ಮಾಡಿ ಅವನನ್ನು ಹಿಡಿಯುವ ಸಾಹಸ ಬೇಡ. ಮಗುವಿನ ಬೆತ್ತಲೆ ಚಿತ್ರ ಸಿಕ್ಕಿದರೆ ಅದನ್ನು ಯಾರಿಗೂ ಕಳಿಸಬೇಡಿ, 'ಸಾಕ್ಷಿ' ಅಂತಲೂ ಬೇಡ. ಫೋನನ್ನೇ ಪೊಲೀಸರಿಗೆ ತೋರಿಸಿ.

ಅಮೆರಿಕದಲ್ಲಿ ಇದಕ್ಕೆಂದೇ 1998ರಿಂದ ಸೈಬರ್‌ಟಿಪ್‌ಲೈನ್ ಇದೆ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳ ರಾಷ್ಟ್ರೀಯ ಕೇಂದ್ರ ಅದನ್ನು ನಡೆಸುತ್ತದೆ. ಯಾರು ಬೇಕಾದರೂ ದೂರು ಕೊಡಬಹುದು. ಮಕ್ಕಳ ಶೋಷಣೆಯ ಚಿತ್ರ ತಮ್ಮ ಗಮನಕ್ಕೆ ಬಂದರೆ ಕಂಪನಿಗಳು ಅಲ್ಲಿಗೆ ತಿಳಿಸಲೇಬೇಕು ಅಂತ ಕಾನೂನೂ ಇದೆ. ನಿಮ್ಮ ಒಂದು ದೂರಿನಿಂದ ಇನ್ನೂ ಯಾವ ಪಟ್ಟಿಯಲ್ಲೂ ಇಲ್ಲದವನ ಹೆಸರು ಮೊದಲ ಸಲ ಬೆಳಕಿಗೆ ಬರಬಹುದು.

ಇನ್ನೊಂದು ಮಾತು. ವಿಷಯ ಹೇಳಿದ ಮಗುವಿನ ಕೈಯಿಂದ ಆಟ ಕಿತ್ತುಕೊಳ್ಳಬೇಡಿ. ಹೇಳಿದರೆ ಆಟ ಹೋಗುತ್ತದೆ ಅಂತ ಗೊತ್ತಾದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಅಕ್ಕನ ಮಗನ ಫ್ರೆಂಡ್ ಲಿಸ್ಟ್‌ನಲ್ಲಿ ಇದ್ದದ್ದು ನಲವತ್ತಮೂರು ಹೆಸರು. ಮುಖ ನೋಡಿದ್ದೀಯಾ ಅಂತ ಒಂದೊಂದಾಗಿ ಕೇಳುತ್ತ ಹೋದೆ. ಕೊನೆಗೆ ಉಳಿದದ್ದು ಒಂಬತ್ತು. ಹೊರಗೆ ಹೋದವರಲ್ಲಿ ಒಬ್ಬನ ಹೆಸರು ಬಂದಾಗ ಮಾತ್ರ ಸ್ವಲ್ಪ ತಡವರಿಸಿದ. "ಇವನು ನಂಗೆ ಸ್ಕಿನ್ ಕೊಟ್ಟಿದ್ದ" ಅಂದ.