ಗುಂಡುತೋಪು ಉಳಿಸಲು ದುಡ್ಡು ಹೊಂದಿಸುವ ಬಗೆ: ಮೂರು ವರ್ಷದ ಲೆಕ್ಕ

ಕೋಲಾರದ ಕಡೆ ಹಾಳುಬಿದ್ದ ಗುಂಡುತೋಪಿಗೆ (ಊರಿಗೆ ಸೇರಿದ ಹಳೇ ಮರಗಳ ತೋಪಿಗೆ) ಸಸಿ ಕೊಡಿಸುವವರು ಬೇಗ ಸಿಗುತ್ತಾರೆ. ಎರಡನೇ, ಮೂರನೇ ಬೇಸಿಗೆಯಲ್ಲಿ ನೀರು ಹಾಕಿ ದನ ತಡೆಯುವವರ ಸಂಬಳ ಮಾತ್ರ ಅಂದಾಜುಪಟ್ಟಿಯಲ್ಲಿ ಬಿಟ್ಟುಹೋಗುತ್ತದೆ. ಸಸಿಗಳು ಸಾಯುವುದೇ ಆಗ.

ಮೊದಲು ಜಾಗದ ಕಾಗದ. ಪಹಣಿ, ಗ್ರಾಮ ನಕ್ಷೆ ತೆಗೆಸಿ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಗಡಿಕಲ್ಲು ನೆಡಿಸಿ. ಒತ್ತುವರಿ ತಕರಾರಿದ್ದರೆ ದುಡ್ಡು ಕೊಡುವ ಕಂಪನಿಯವರು ಹತ್ತಿರವೂ ಬರುವುದಿಲ್ಲ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಠರಾವು ಮಾಡಿಸಿ, ತೋಪನ್ನು ಜನತಾ ಜೀವವೈವಿಧ್ಯ ದಾಖಲಾತಿಗೆ (ಊರಿನ ಗಿಡಮರ, ಪ್ರಾಣಿಗಳ ಪಟ್ಟಿಗೆ) ಸೇರಿಸಿ.

ಇನ್ನು ಲೆಕ್ಕ. 30 ಅಡಿ ಅಂತರದಲ್ಲಿ ಎಕರೆಗೆ 48 ಸಸಿ ಹಿಡಿಯುತ್ತದೆ. ಎರಡು ಎಕರೆಯಲ್ಲಿ ಹಳೇ ಮರಗಳ ಜಾಗ ಕಳೆದು 80 ಎನ್ನಿ: ಹುಣಸೆ, ಹಿಪ್ಪೆ, ಹೊಂಗೆ, ನೇರಳೆ. ಸಸಿಗೆ ವಾರಕ್ಕೆ 20 ಲೀಟರ್ ಅಂದರೆ 1,600 ಲೀಟರ್. ಫೆಬ್ರುವರಿಯಿಂದ ಮೇವರೆಗೆ 17 ವಾರಕ್ಕೆ 27,200 ಲೀಟರ್, ಅಂದರೆ 5,000 ಲೀಟರಿನ ಆರು ಟ್ಯಾಂಕರ್. ತೋಪಿನಲ್ಲೇ ಒಂದು ಟ್ಯಾಂಕರ್ ನೀರು ಹಿಡಿಯುವ ಸಿಂಟೆಕ್ಸ್ ತೊಟ್ಟಿ ಇಡಿ. ಇಲ್ಲದಿದ್ದರೆ ವಾರವಾರವೂ ಟ್ಯಾಂಕರ್ ಕರೆಸಿ ಪೂರ್ತಿ ಬಾಡಿಗೆ ತೆರಬೇಕು.

ಗುಂಡಿ, ಸುತ್ತಲ ದನದ ಕಂದಕದ ಕೂಲಿಯನ್ನು ಉದ್ಯೋಗ ಖಾತ್ರಿಗೆ ಹಾಕಿ. ಗ್ರಾಮಸಭೆಯಲ್ಲಿ ಕ್ರಿಯಾಯೋಜನೆಗೆ ಸೇರದ ಕೆಲಸಕ್ಕೆ ಆ ವರ್ಷ ದುಡ್ಡಿಲ್ಲ. ಜೆಸಿಬಿ ಇಳಿಸಿದರೆ ಬಿಲ್ಲೂ ಇಲ್ಲ.

ನೀರು, ಕಾವಲುಗಾರನ ಸಂಬಳಕ್ಕೆ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗೆಂದು ಖರ್ಚು ಮಾಡುವ ಹಣ ಕೇಳಿ. ಪಡೆಯುವ ಟ್ರಸ್ಟ್, ಸಂಘದಂಥ ಸಂಸ್ಥೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ, ಆದಾಯ ತೆರಿಗೆಯ 12ಎ, 80ಜಿ ಮಾನ್ಯತೆ ಇರಲೇಬೇಕು. ಅರ್ಜಿಯಲ್ಲಿ ‘ಮುಂದುವರಿಯುವ ಯೋಜನೆ’ ಎಂದೇ ಬರೆಯಿರಿ. ಆಗ ಶುರುವಾದ ಆರ್ಥಿಕ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಖರ್ಚು ಮಾಡಲು ನಿಯಮದಲ್ಲೇ ಅವಕಾಶವಿದೆ. ಇದನ್ನು ಕೇಳದೆ ಮಾರ್ಚ್‌ನಲ್ಲಿ ಉಳಿದ ಹಣಕ್ಕೆ ಕೈಯೊಡ್ಡಿದವರಿಗೆ ಸಸಿ, ಬೋರ್ಡು, ಫೋಟೋ ಅಷ್ಟೇ ದಕ್ಕುವುದು.

ಕಂತನ್ನು ಬದುಕಿದ ಸಸಿಗೆ ಕಟ್ಟಿ: ನೆಟ್ಟಾಗ ನೂರಕ್ಕೆ 40 ಭಾಗ, ಮುಂದಿನ ಎರಡು ಜೂನ್‌ಗಳಲ್ಲಿ ಎಣಿಸಿ ತಲಾ 30. ಎಣಿಕೆಗೆ ಪಂಚಾಯಿತಿ ಸದಸ್ಯರು, ಕಂಪನಿಯವರು ಇಬ್ಬರೂ ಇರಲಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಇದೇ ದಾರಿಯದು: ರೈತರ ಹೊಲದಲ್ಲಿ ಬದುಕಿದ ಸಸಿಗೆ ವರ್ಷವರ್ಷ 35, 40, 50 ರೂಪಾಯಿ. ತೋಪಿನ ಪಕ್ಕದ ಹೊಲದವರನ್ನು ಅದಕ್ಕೆ ಸೇರಿಸಿದರೆ ಬದುವಿನ ಮೇಲೂ ಮರ ಬರುತ್ತದೆ, ತೋಪಿನ ಗಡಿಯ ಜಗಳವೂ ತಗ್ಗುತ್ತದೆ.

ಒಂದು ಎಚ್ಚರ: ಈ ಲೆಕ್ಕ ಹುಲ್ಲುಗಾವಲಿಗೆ ಹೊಂದುವುದಿಲ್ಲ. ಮಧುಗಿರಿಯ ಮೈದನಹಳ್ಳಿಯಂಥ ಕೃಷ್ಣಮೃಗದ ಬಯಲಿನಲ್ಲಿ ಸಸಿ ನೆಟ್ಟರೆ ಆ ಪ್ರಾಣಿಯ ನೆಲೆಯೇ ಕೆಡುತ್ತದೆ. ಅಂಥ ಕಡೆ ಬೆಂಕಿ ಕಾವಲು, ಜಾಲಿ ಕೀಳುವ ಕೂಲಿಗೆ ದುಡ್ಡು ಕೇಳಿ; ಸಸಿಯ ಸಂಖ್ಯೆಯನ್ನೇ ಪಟ್ಟು ಹಿಡಿಯುವ ದಾನಿಗೆ ತೋಪಿನ ದಾರಿ ತೋರಿಸಿ.