ಇಂಗ್ಲೆಂಡಿಗೆ ಹೊರಟ ನಮ್ಮ ಕಡೆಯವರಿಗೆ: ಮೊದಲು ವೋಟರ್ ಲಿಸ್ಟಿಗೆ ಹೆಸರು ಹಚ್ಚಿ

ನಾನು ಇಂಗ್ಲೆಂಡಿನಿಂದ ರಜೆಗೆ ಬಾಗಲಕೋಟೆಗೆ ಬಂದಾಗಲೆಲ್ಲ ಇಂಗ್ಲೆಂಡಿಗೆ ಹೊರಟ ಹುಡುಗ ಹುಡುಗಿಯರು ನವನಗರದ ನಮ್ಮ ಮನೆಗೆ ಬರುತ್ತಾರೆ. ಬೆಳಗಾವಿಯಲ್ಲಿ ನರ್ಸಿಂಗ್ ಮುಗಿಸಿದವರು, ವಿಜಯಪುರದಲ್ಲಿ ಎಂಜಿನಿಯರಿಂಗ್ ಓದಿದವರು, ಹೊಲದ ಮೇಲೆ ಸಾಲ ತೆಗೆದು ಎಂ.ಎಸ್ಸಿ.ಗೆ ಹೊರಟವರು. ಬಾಡಿಗೆ ಮನೆ ಹೇಗೆ, ಬ್ಯಾಂಕ್ ಖಾತೆ ಹೇಗೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅವೆಲ್ಲ ತಾವಾಗೇ ಬಗೆಹರಿಯುತ್ತವೆ. ಯಾರೂ ಕೇಳದ ಸಂಗತಿ ಒಂದಿದೆ. ಹೋದ ಊರಿನ ರಾಜಕಾರಣದಲ್ಲಿ ನಿಮಗೂ ಒಂದು ಜಾಗ ಇದೆ. ಅದನ್ನು ಮೊದಲ ತಿಂಗಳಿಂದಲೇ ಹಿಡಿಯಿರಿ.

"ನಮಗ್ಯಾಕ್ರಿ ಅದೆಲ್ಲಾ, ನಾವು ದುಡಿಯಾಕ ಹೋದವ್ರು" ಎನ್ನುವವರೇ ಜಾಸ್ತಿ. ಪರದೇಶದ ರಾಜಕೀಯಕ್ಕೆ ಕೈ ಹಾಕಿದರೆ ವೀಸಾಕ್ಕೆ ತೊಂದರೆ ಎಂಬ ಹೆದರಿಕೆಯೂ ಇದೆ. ವೋಟಿನ ವಿಷಯದಲ್ಲಿ ಈ ಹೆದರಿಕೆಗೆ ಕಾರಣವೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ, ಅಂದರೆ ಬ್ರಿಟನ್ ಮತ್ತು ಹೆಚ್ಚಾಗಿ ಅದರ ಹಳೆಯ ವಸಾಹತುಗಳು ಸೇರಿದ ಒಕ್ಕೂಟದ ಸದಸ್ಯ. ಸರಿಯಾದ ವೀಸಾ ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ವಾಸವಿರುವ ಭಾರತೀಯರು, 18 ತುಂಬಿದ್ದರೆ, ಪಾರ್ಲಿಮೆಂಟ್ ಚುನಾವಣೆಗೂ ಕೌನ್ಸಿಲ್ (ಸ್ಥಳೀಯ ಆಡಳಿತ) ಚುನಾವಣೆಗೂ ಮತ ಹಾಕಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ವಿದ್ಯಾರ್ಥಿಗಳಿಗೂ ಈ ಹಕ್ಕಿದೆ. ಇದರಿಂದ ಭಾರತದ ಪೌರತ್ವಕ್ಕೆ ಧಕ್ಕೆ ಬರುವುದಿಲ್ಲ. ಎಷ್ಟೋ ವರ್ಷ ಅಲ್ಲೇ ಇದ್ದು, ತೆರಿಗೆ ಕಟ್ಟಿ, ಒಂದು ಸಲವೂ ಮತ ಹಾಕದ ನಮ್ಮವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆಗೆಂದು ಅಲ್ಲಿ ಕೊಡುವ ಸಂಖ್ಯೆ) ಕೈಯಲ್ಲಿರಲಿ. 2023ರಿಂದ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು, ನಮ್ಮ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಮತದಾನ. ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಸಾಲ ಕೇಳುವಾಗಲೂ ಅನುಕೂಲ. ಇಷ್ಟು ಸಾಕು.

ವೋಟು ಹಾಕಿ ಮನೆಗೆ ಬಂದರೆ ಅರ್ಧ ಕೆಲಸವೂ ಆಗಿಲ್ಲ. ಉಳಿದದ್ದು ಮೀಟಿಂಗಿನಲ್ಲಿದೆ.

ನಮ್ಮಲ್ಲಿ ಗ್ರಾಮ, ತಾಲೂಕು, ಜಿಲ್ಲಾ ಪಂಚಾಯಿತಿ ಇರುವ ಹಾಗೆ ಅಲ್ಲೂ ಬಹಳ ಕಡೆ ಪ್ಯಾರಿಷ್, ಡಿಸ್ಟ್ರಿಕ್ಟ್, ಕೌಂಟಿ ಎಂಬ ಮೂರು ಹಂತದ ಕೌನ್ಸಿಲ್‌ಗಳಿವೆ. ದೊಡ್ಡ ನಗರಗಳಲ್ಲಿ ಒಂದೇ ಕೌನ್ಸಿಲ್. ಕಸ ಒಬ್ಬರದು, ರಸ್ತೆ ಇನ್ನೊಬ್ಬರದು, ಆಟದ ಮೈದಾನ ಮತ್ತೊಬ್ಬರದು ಆಗಿರಬಹುದು. ಯಾವುದು ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ತಪ್ಪು ಬಾಗಿಲು ತಟ್ಟಿ ಸುಮ್ನೆ ದಣಿಯುತ್ತೀರಿ. ಈ ಸಭೆಗಳು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ. ಯಾರ ಶಿಫಾರಸೂ ಬೇಡ. ಬಹಳ ಕಡೆ ಮೊದಲೇ ಹೆಸರು ಕೊಟ್ಟರೆ ಎರಡು ಮೂರು ನಿಮಿಷ ಮಾತಾಡಲು ಬಿಡುತ್ತಾರೆ.

ಒಂದು ಘಟನೆ ಹೇಳುತ್ತೇನೆ. ನಾನಿರುವ ಊರಿನಲ್ಲಿ ಒಂದು ಬಸ್ಸಿನ ಬೆಳಗಿನ ಕೆಲವು ಟ್ರಿಪ್ ತೆಗೆಯಬೇಕೆಂದು ಕೌನ್ಸಿಲ್ ಹೊರಟಿತ್ತು. ನಿಲ್ದಾಣದ ಕಂಬಕ್ಕೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದ ಒಂದು ಹಾಳೆ, ಮಳೆಗೆ ನೆನೆಯದಂತೆ ಮೇಲೊಂದು ಕವರು. ಕೆಳಗೆ ಸಣ್ಣ ಅಕ್ಷರದಲ್ಲಿ ಅಭಿಪ್ರಾಯ ಕಳಿಸುವ ಕೊನೆಯ ದಿನ. ದಿನಾ ಅಲ್ಲೇ ನಿಲ್ಲುವ ನಮ್ಮವರಲ್ಲಿ ಅದನ್ನು ಓದಿದವಳು ಒಬ್ಬಳೇ, ಹುಕ್ಕೇರಿ ಕಡೆಯ ನರ್ಸ್. ಸಭೆಗೆ ಹೆಸರು ಕೊಟ್ಟಳು. ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು. ಆದರೂ ಹೇಳಬೇಕಾದ್ದನ್ನು ಹೇಳಿದಳು. ನಮ್ಮ ರಾತ್ರಿ ಪಾಳಿ ಮುಗಿಯುವುದು ಏಳೂವರೆಗೆ. ನೀವು ತೆಗೆಯುತ್ತಿರುವುದು ಏಳು ನಲವತ್ತರ ಬಸ್ಸು. ಮುಂದಿನದು ಒಂಬತ್ತಕ್ಕೆ. ಹನ್ನೆರಡು ತಾಸು ನಿಂತು ಕೆಲಸ ಮಾಡಿದವರು ಆ ಚಳಿಯಲ್ಲಿ ಎಲ್ಲಿ ಕೂರಬೇಕು? ಸದಸ್ಯರು ಬರೆದುಕೊಂಡರು. ಆ ಪಾಳಿಯ ಸಮಯ ಅವರಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಆ ಒಂದು ಟ್ರಿಪ್ ಉಳಿಯಿತು. ಅದೇ ಬಸ್ಸಿನಲ್ಲಿ ಬರುವ ಸಫಾಯಿ ಕೆಲಸದ ಪೋಲೆಂಡಿನ ಅಮ್ಮನೊಬ್ಬರು ಈಗ ಅವಳನ್ನು ಕಂಡರೆ ಎದ್ದು ಬಂದು ಮಾತಾಡಿಸುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾವು ಮುಳುಗಡೆಯ ಜನ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಸುತ್ತಲಿನ ಹಳ್ಳಿಗಳು ಹೋದವು. ನಮ್ಮ ಹಿರಿಯರು ಧರಣಿ ಕೂತರು, ಪಾದಯಾತ್ರೆ ಮಾಡಿದರು, ಜಿಲ್ಲಾಧಿಕಾರಿಗೆ ಮನವಿ ಕೊಟ್ಟು ಕೊಟ್ಟು ಸವೆದರು. ಆದರೆ ಮನವಿ ಕೊಡುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತಿತ್ತು. ಪರಿಹಾರ ಎಷ್ಟು, ಪ್ಲಾಟು ಎಲ್ಲಿ ಎಂಬುದಷ್ಟೇ ಮಾತು. ಇವತ್ತಿಗೂ ಚಳಿಗಾಲದ ಅಧಿವೇಶನ ಬಂತೆಂದರೆ ಬೆಳಗಾವಿಯ ಸುವರ್ಣಸೌಧದ ಸುತ್ತ ಪೆಂಡಾಲು ಏಳುತ್ತವೆ. ಕಬ್ಬಿನ ಬೆಲೆ ಕೇಳುವ ರೈತರು, ಅಂಗನವಾಡಿ ಅಕ್ಕಂದಿರು, ಅತಿಥಿ ಉಪನ್ಯಾಸಕರು ಕೂತಿರುತ್ತಾರೆ. ಅವರ ಹೋರಾಟ ದೊಡ್ಡದು, ಅದರಿಂದ ಸಿಕ್ಕಿದ್ದೂ ದೊಡ್ಡದು. ಆದರೆ ತೀರ್ಮಾನಕ್ಕೆ ಮುಂಚೆಯೇ ಕೇಳಿಸಿಕೊಳ್ಳುವ ಜಾಗಗಳು ಇಲ್ಲಿ ಬಾಗಿಲು ಹಾಕಿಯೇ ಇರುತ್ತವೆ. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಲ್ವಾ? ಹೀಗಾಗಿ ಅಲ್ಲಿ ಬಾಗಿಲು ತೆರೆದಿದ್ದಾಗ ಒಳಗೆ ಹೋಗದೆ ಇರುವುದು ನನಗೆ ಸಹಿಸಲಾಗುವುದಿಲ್ಲ.

ಕೌನ್ಸಿಲರ್‌ಗಳೂ ಎಂ.ಪಿ.ಗಳೂ ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ಜನರ ಅಹವಾಲು ಕೇಳಲು ಕೂರುತ್ತಾರೆ. ಅದಕ್ಕೆ ಸರ್ಜರಿ ಅಂತಾರೆ. ಶಾಲು, ಹಾರ ಬೇಡ. ತಾರೀಕು, ಫೋಟೊ, ಹಿಂದೆ ಬರೆದ ಪತ್ರದ ಪ್ರತಿ ಒಯ್ಯಿರಿ. ನಿಮ್ಮ ಮನೆ ವಿಳಾಸ ಅವರ ಕ್ಷೇತ್ರದಲ್ಲಿದ್ದರೆ ಸಾಕು, ನೀವು ಅವರಿಗೆ ವೋಟು ಹಾಕಿದಿರೋ ಇಲ್ಲವೋ ಯಾರೂ ಕೇಳುವುದಿಲ್ಲ. ಪಾರ್ಲಿಮೆಂಟಿಗೆ ಆನ್‌ಲೈನ್ ಅರ್ಜಿಗೂ ಸಹಿ ಹಾಕಬಹುದು. 10,000 ಸಹಿಯಾದರೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ರಸ್ತೆಗಿಳಿದು ಮೆರವಣಿಗೆ ಮಾಡುವುದಾದರೆ ಪೊಲೀಸರಿಗೆ ಆರು ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು. ಅದು ಸಂಘಟಿಸುವವರ ಜವಾಬ್ದಾರಿ.

ಮಕ್ಕಳಿರುವವರು ಶಾಲೆಯಿಂದ ಶುರು ಮಾಡಿ. ಅಲ್ಲಿನ ಬಹುತೇಕ ಸರ್ಕಾರಿ ಶಾಲೆಗಳ ಆಡಳಿತ ಮಂಡಳಿಯಲ್ಲಿ ಪಾಲಕರೇ ಆರಿಸಿ ಕಳಿಸುವ ಸದಸ್ಯರಿರುತ್ತಾರೆ. ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಸಮಿತಿ ಗೊತ್ತಿರುವವರಿಗೆ ಇದು ಹೊಸದಲ್ಲ. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ನಮ್ಮ ಹೆಣ್ಣುಮಕ್ಕಳು ಹಿಂದೆ ಸರಿಯುತ್ತಾರೆ. ಸರಿಯಬೇಡಿ, ಅಕ್ಕಾ. ಮಧ್ಯಾಹ್ನದ ಊಟದಲ್ಲಿ ಸಸ್ಯಾಹಾರಿ ಮಗುವಿಗೆ ದಿನಾ ಚೀಸೇ ಯಾಕೆ ಎಂದು ಕೇಳಲು ದೊಡ್ಡ ಇಂಗ್ಲಿಷ್ ಬೇಕಿಲ್ಲ.

ನರ್ಸುಗಳು ಸೇರಿದ ವಾರದಲ್ಲೇ ಯೂನಿಯನ್ ಸದಸ್ಯತ್ವ ತೆಗೆದುಕೊಳ್ಳಿ.

ನಮ್ಮ ಕನ್ನಡ ಸಂಘಗಳ ಬಗ್ಗೆಯೂ ಒಂದು ಮಾತು. ರಾಜ್ಯೋತ್ಸವಕ್ಕೆ ಮೇಯರ್ ಕರೆದು ಪೇಟ ತೊಡಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ಚೆಂದ ಇರುತ್ತದೆ. ಆದರೆ ಉಳಿದ ದಿನಗಳಲ್ಲಿ ಅದೇ ಕೌನ್ಸಿಲ್ ಸಭೆಯಲ್ಲಿ ನಮ್ಮವರು ಒಬ್ಬರೂ ಕಾಣುವುದಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಬಸವನ ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಐಕ್ಯನಾದ ನಮ್ಮ ನೆಲದ ಅಣ್ಣ ಅಲ್ಲಿ ನಿಲ್ಲಲು ಮುಂದೆ ನಿಂತವರು ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ. ಅವರು ಲಂಡನ್ನಿನ ಆಡಳಿತ ವಿಭಾಗಗಳಲ್ಲಿ ಒಂದಾದ ಲ್ಯಾಂಬೆತ್ ಬರೋದಲ್ಲಿ ಕೌನ್ಸಿಲರ್ ಆಗಿ, ಮೇಯರ್ ಆಗಿ ಕೆಲಸ ಮಾಡಿದವರು. ಎದುರು ದಂಡೆಗೇ ಪಾರ್ಲಿಮೆಂಟ್. ಅಲ್ಲಿ ಹೋಗಿ ಸೆಲ್ಫಿ ತೆಗೆದುಕೊಳ್ಳುವ ನಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟೇ: ವಾರ್ಡಿನಿಂದ ಶುರು ಮಾಡಿದವರೊಬ್ಬರು ಈ ಕೆಲಸಕ್ಕೆ ಕೈ ಹಾಕಿದ್ದು ನೆನಪಿರಲಿ. ಅಲ್ಲಿ ಕಾಯಂ ಇರಲು ಅನುಮತಿ (ಇಂಡೆಫಿನಿಟ್ ಲೀವ್) ಸಿಕ್ಕ ಕಾಮನ್‌ವೆಲ್ತ್ ಪ್ರಜೆಗಳು ಕೌನ್ಸಿಲ್ ಚುನಾವಣೆಗೆ ನಿಲ್ಲಲೂಬಹುದು. ಆ ವ್ಯಾಪ್ತಿಯಲ್ಲಿ ಮತದಾರರಾಗಿರಬೇಕು, ಇಲ್ಲವೇ 12 ತಿಂಗಳು ವಾಸವೋ ಕೆಲಸವೋ ಇರಬೇಕು. ನಿಲ್ಲುವ ಮುಂಚೆ ವೀಸಾ ಷರತ್ತು ಮಾತ್ರ ಸರಿಯಾಗಿ ಓದಿಕೊಳ್ಳಿ.

ಹಾಗಂತ ಇಲ್ಲಿನ ಊರನ್ನು ಬಿಟ್ಟುಕೊಡಬೇಡಿ. ಭಾರತದ ಪೌರತ್ವ ಇರುವವರೆಗೆ ಫಾರ್ಮ್ 6ಎ ತುಂಬಿ ನಿಮ್ಮ ಊರಿನ ಮತದಾರರಾಗಿ ಉಳಿಯಬಹುದು. ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಇಲ್ಲಿಗೇ ಬರಬೇಕು. ಮುಳುಗಡೆ ಸೀಮೆಯಲ್ಲಿ ಹೊಲದ ಪಾಲು ಇರುವವರು ಇನ್ನಷ್ಟು ಎಚ್ಚರ ಇರಬೇಕು. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನೂ ಹಳ್ಳಿಗಳು, ಹೊಲಗಳು ಹೋಗುತ್ತವೆ. ಪರಿಹಾರ ನೀರಾವರಿ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೀರ್ಮಾನಿಸಿತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆಯಾದ 60 ದಿನದೊಳಗೆ ತಕರಾರು ಸಲ್ಲಿಸಬೇಕು. ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆ ಎಂದು ಕೂರಬೇಡಿ. ಗ್ರಾಮಸಭೆ ಯಾವತ್ತು ಎಂದು ಮನೆಯವರನ್ನು ಕೇಳಿ, ಅವರನ್ನು ಕಳಿಸಿ, ಏನು ಮಾತಾಯಿತು ಎಂದು ಅದೇ ಸಂಜೆ ಫೋನಿನಲ್ಲಿ ಕೇಳಿ.

ನಾನು ಬ್ರಿಟಿಷ್ ಪೌರತ್ವ ತೆಗೆದುಕೊಂಡ ದಿನ ಬಾಗಲಕೋಟೆಯ ನನ್ನ ವೋಟು ಹೋಯಿತು. ಹೊರದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ವೋಟಿಲ್ಲ. ಅದರ ನೋವು ಇವತ್ತಿಗೂ ಇದೆ. ಇಂಗ್ಲೆಂಡಿನಲ್ಲೇ ಹುಟ್ಟಿದ ಮಗಳಿಗೆ ವಾರ್ಡಿನ ಮೂವರೂ ಕೌನ್ಸಿಲರ್‌ಗಳ ಹೆಸರು ಗೊತ್ತು, ಚುನಾವಣೆ ಬಂದರೆ ಮನೆ ಮನೆಗೆ ಕರಪತ್ರ ಹಂಚುತ್ತಾಳೆ. ಅವಳ ಅಜ್ಜನ ಹಳ್ಳಿ ಯಾವ ದಿಕ್ಕಿಗೆ ಮುಳುಗಿತು ಎಂದು ಮಾತ್ರ ನಾನು ಕರೆದುಕೊಂಡು ಹೋಗಿ ತೋರಿಸಬೇಕಾಯಿತು. ಆದರೆ ಬಸ್ಸಿನ ಸಭೆಗೂ ಅಜ್ಜನ ಧರಣಿಗೂ ಇರುವ ನಂಟು ಅವಳಿಗೆ ನನಗಿಂತ ಬೇಗ ಹೊಳೆಯಿತು. ಈಗ ಅಜ್ಜನ ಹತ್ತಿರ ಕೂತು ಯಾವ ವರ್ಷ ಯಾರು ಯಾರು ಕೂತಿದ್ದರು ಎಂದು ಬರೆದುಕೊಳ್ಳುತ್ತಿದ್ದಾಳೆ.

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಚುನಾವಣೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ. ಹೆಸರು ಹಚ್ಚುವ ಗಡುವು ಅದಕ್ಕೆ 12 ಕೆಲಸದ ದಿನ ಮುಂಚೆ ಮುಗಿಯುತ್ತದೆ. ಜನವರಿಯ ಕೋರ್ಸಿಗೆ ಹೊರಟವರು ಮನೆ ಸಿಕ್ಕ ವಾರದಲ್ಲೇ ಈ ಕೆಲಸ ಮುಗಿಸಿ. ಮನೆ ಬದಲಿಸಿದರೆ ಮತ್ತೆ ಹೊಸದಾಗಿ ಹಚ್ಚಬೇಕು.